ಬಿ.ಎಸ್ಸಿ. ಮುಗಿಯಿತು, ಮುಂದೇನು? ಗಡಿ ತಾಲೂಕುಗಳಿಂದ ಜೀವವಿಜ್ಞಾನ ಸಂಶೋಧನೆಯ ದಾರಿ

ಚಿಕ್ಕೋಡಿ: ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದಾಗಲೆಲ್ಲ ಚಿಕ್ಕೋಡಿಯ ಹೆಸರು ರಾಜ್ಯದ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಕಾಣಿಸುತ್ತದೆ. ಜಿಲ್ಲಾ ಕೇಂದ್ರವಲ್ಲದಿದ್ದರೂ ಅದೊಂದು ಶೈಕ್ಷಣಿಕ ಜಿಲ್ಲೆ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಶಾಲೆಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಹತ್ತನೆಯ ತರಗತಿಯ ನಂತರ ವಿಜ್ಞಾನ ಆಯ್ದುಕೊಳ್ಳುವ ಮಕ್ಕಳ ಮನೆಗಳಲ್ಲಿ ಸಾಮಾನ್ಯವಾಗಿ ಎರಡೇ ಮಾತು: ವೈದ್ಯಕೀಯ ಇಲ್ಲವೇ ಎಂಜಿನಿಯರಿಂಗ್. ಆ ಸೀಟು ಕೈತಪ್ಪಿದಾಗ ಬಿ.ಎಸ್ಸಿ. ತರಗತಿಗೆ ಸೇರುವವರು ಅನೇಕ. ಇವರಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರಗಳನ್ನು ಇಷ್ಟಪಟ್ಟು ಓದಿದವರ ಮುಂದೆಯೂ ಮೂರು ವರ್ಷಗಳ ಬಳಿಕ ಅದೇ ಪ್ರಶ್ನೆ ಎದುರಾಗುತ್ತದೆ: ಮುಂದೇನು?

ಬಿ.ಇಡಿ. ಮಾಡಿ ಶಿಕ್ಷಕರಾಗುವುದು, ಔಷಧ ಕಂಪನಿಗಳಲ್ಲೋ ಸಕ್ಕರೆ ಕಾರ್ಖಾನೆಗಳ ಪ್ರಯೋಗಾಲಯಗಳಲ್ಲೋ ಕೆಲಸ ಹುಡುಕುವುದು, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಕೂರುವುದು ಎಲ್ಲರಿಗೂ ಗೊತ್ತಿರುವ ದಾರಿಗಳು. ಸ್ನಾತಕೋತ್ತರ ಪದವಿ ಪಡೆದು ಸಂಶೋಧನೆಗೆ ಇಳಿಯುವ ದಾರಿಯೂ ಒಂದಿದೆ. ಅದರ ಬಗ್ಗೆ ಮಾಹಿತಿ ಮಾತ್ರ ಕಾಲೇಜಿನಿಂದ ಕಾಲೇಜಿಗೆ ಬಾಯಿಮಾತಾಗಿ ಸಾಗುತ್ತದೆ. ಅರ್ಜಿಯ ದಿನಾಂಕ ದಾಟಿದ ಮೇಲೆ, ವಯೋಮಿತಿ ಮೀರಿದ ಮೇಲೆ ವಿಷಯ ತಿಳಿದುಕೊಂಡವರ ಪಾಲಿಗೆ ಆ ದಾರಿ ಮುಚ್ಚಿಯೇ ಹೋಗಿರುತ್ತದೆ.

ಹೊಲದಲ್ಲಿ ಹುಟ್ಟಿದ ಪ್ರಶ್ನೆ

ಜೀವವಿಜ್ಞಾನದ ಸಂಶೋಧನೆ ದೂರದ ಬೆಂಗಳೂರಿಗೋ ವಿದೇಶಕ್ಕೋ ಸೇರಿದ್ದು ಎಂಬ ಭಾವನೆ ಈ ಭಾಗದಲ್ಲಿ ಗಟ್ಟಿಯಾಗಿದೆ. ಆದರೆ ಕೃಷ್ಣಾ ತೀರದ ಕಬ್ಬು ಬೆಳೆಗಾರರಿಗೆ ಅದರ ಬೆಲೆ ಏನೆಂಬುದು 2002ರಲ್ಲಿಯೇ ಮನವರಿಕೆಯಾಗಿತ್ತು. ಆ ವರ್ಷದ ಜುಲೈನಲ್ಲಿ ನೆರೆಯ ಸಾಂಗ್ಲಿ ಜಿಲ್ಲೆಯ ಕಬ್ಬಿನ ಗದ್ದೆಗಳಲ್ಲಿ ಬಿಳಿ ಉಣ್ಣೆ ಹೇನು ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತು. ಸಾಂಗ್ಲಿಯ ಮಿರಜಕ್ಕೂ ಕಾಗವಾಡಕ್ಕೂ ಇಪ್ಪತ್ತು ಕಿಲೋಮೀಟರ್ ಅಂತರವೂ ಇಲ್ಲ. ಕೆಲವೇ ತಿಂಗಳುಗಳಲ್ಲಿ ಕೀಟ ಗಡಿ ದಾಟಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಿಗೆ ಹರಡಿತು.

ಸೆರಾಟೋವ್ಯಾಕುನಾ ಲ್ಯಾನಿಜೆರಾ ಎಂಬ ವೈಜ್ಞಾನಿಕ ಹೆಸರಿನ ಈ ಕೀಟ ಎಲೆಯ ಅಡಿಭಾಗದಲ್ಲಿ ನಡುದಿಂಡಿನ ಎರಡೂ ಬದಿಗೆ ಗುಂಪಾಗಿ ಕುಳಿತು ರಸ ಹೀರುತ್ತದೆ. ಅದು ಸ್ರವಿಸುವ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಎಲೆಗೆ ಬಿಸಿಲು ಸಿಗದಂತಾಗುತ್ತದೆ. ಗಂಡಿನ ನೆರವಿಲ್ಲದೆಯೇ ಹೆಣ್ಣು ಹೇನು ಮರಿ ಹಾಕುವುದರಿಂದ ಅದರ ಸಂಖ್ಯೆ ಬಹುಬೇಗ ಏರುತ್ತದೆ. ರೆಕ್ಕೆಯಿರುವ ಹೇನುಗಳು ಗಾಳಿಯೊಂದಿಗೆ ಸಾಗಿದರೆ, ದನಗಳ ಮೇವಿಗೆಂದು ಊರಿಂದೂರಿಗೆ ಒಯ್ಯುವ ಕಬ್ಬಿನ ಸೋಗೆಯೂ ಅವುಗಳಿಗೆ ವಾಹನವಾಯಿತು.

ಆಳೆತ್ತರ ಮೀರಿ ಬೆಳೆದ ಕಬ್ಬಿನೊಳಗೆ ನುಗ್ಗಿ ಎಲೆಯ ಅಡಿಭಾಗಕ್ಕೆ ಔಷಧ ಸಿಂಪಡಿಸುವುದು ಸುಲಭವಲ್ಲ. ಸಿಂಪಡಿಸಿದರೂ ಹೇನಿನ ಜತೆಗೆ ಅದನ್ನು ತಿನ್ನುವ ಕೀಟಗಳೂ ಸಾಯುತ್ತವೆ. ಕೊನೆಗೆ ಪರಿಹಾರ ದೊರೆತದ್ದು ಈ ಶತ್ರುಕೀಟಗಳಿಂದಲೇ. ಡಿಫಾ ಎಂಬ ಪತಂಗದ ಹುಳು, ಮೈಕ್ರೋಮಸ್ ಎಂಬ ಕಂದು ಜಾಲರೆಕ್ಕೆಯ ಕೀಟ ಇವೆರಡೂ ಉಣ್ಣೆ ಹೇನನ್ನು ತಿಂದು ಬದುಕುತ್ತವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಇವನ್ನು ಹೆಚ್ಚಿನ ಸಂಖ್ಯೆಯಲ್ಲಿ ಸಾಕಿ ಗದ್ದೆಗೆ ಬಿಡುವ ವಿಧಾನ ರೂಪಿಸಿದರು. ಬೆಂಗಳೂರಿನಲ್ಲಿ ಆಗ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯ ಎಂದಿದ್ದ, ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎನಿಸಿರುವ ಸಂಸ್ಥೆಯ ವಿಜ್ಞಾನಿಗಳು ಈಶಾನ್ಯ ರಾಜ್ಯಗಳಿಂದ ಎನ್‌ಕಾರ್ಸಿಯಾ ಎಂಬ ಪರಾವಲಂಬಿ ಕಣಜವನ್ನು ತಂದು ದಕ್ಷಿಣದ ಗದ್ದೆಗಳಲ್ಲಿ ನೆಲೆಗೊಳಿಸಿದರು. ಶತ್ರುಕೀಟಗಳಿರುವ ಎಲೆಗಳನ್ನು ಕತ್ತರಿಸಿ ಮತ್ತೊಂದು ಗದ್ದೆಯಲ್ಲಿ ಕಟ್ಟುವುದನ್ನು ರೈತರೂ ಕಲಿತರು.

ಈ ಕೆಲಸಕ್ಕೆ ಬೇಕಾದದ್ದು ಕೀಟವನ್ನು ಸರಿಯಾಗಿ ಗುರುತಿಸುವ ಕಣ್ಣು, ಅದರ ಜೀವನಚಕ್ರದ ಲೆಕ್ಕ, ಔಷಧ ಹೊಡೆದ ತಾಕು ಮತ್ತು ಹೊಡೆಯದ ತಾಕುಗಳನ್ನು ಹೋಲಿಸುವ ತಾಳ್ಮೆ, ಬಂದ ಅಂಕಿಗಳನ್ನು ಪಕ್ಷಪಾತವಿಲ್ಲದೆ ಓದುವ ಶಿಸ್ತು. ಸಂಶೋಧನಾ ತರಬೇತಿ ಎಂದರೆ ಮೂಲತಃ ಇಷ್ಟೇ. ಅದನ್ನು ಪಡೆಯುವ ಹಂತಗಳು ಯಾವುವು ಎಂಬುದನ್ನು ಮುಂದೆ ವಿವರಿಸಲಾಗಿದೆ.

ಮೂರು ವರ್ಷವೋ, ನಾಲ್ಕು ವರ್ಷವೋ

ಚಿಕ್ಕೋಡಿಯ ಬಸವಪ್ರಭು ಕೋರೆ ಮಹಾವಿದ್ಯಾಲಯ, ನಿಪ್ಪಾಣಿಯ ಜಿ.ಐ. ಬಾಗೇವಾಡಿ ಮಹಾವಿದ್ಯಾಲಯ, ಅಥಣಿಯ ಎಸ್.ಎಸ್.ಎಂ.ಎಸ್. ಮಹಾವಿದ್ಯಾಲಯ, ಕಾಗವಾಡದ ಶಿವಾನಂದ ಮಹಾವಿದ್ಯಾಲಯ ಮುಂತಾದ ಕಾಲೇಜುಗಳು ಈ ಭಾಗದಲ್ಲಿ ಪದವಿ ಶಿಕ್ಷಣವನ್ನು ಬಹುಕಾಲದಿಂದ ನೀಡುತ್ತ ಬಂದಿವೆ. ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಜಿಲ್ಲೆಯ ಕಾಲೇಜುಗಳು 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದ ನಂತರ ಅದಕ್ಕೆ ಸೇರಿದವು.

ಪದವಿಯ ಅವಧಿ ಕುರಿತು ವಿದ್ಯಾರ್ಥಿಗಳಲ್ಲಿ ಗೊಂದಲವಿದೆ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷದ ಆನರ್ಸ್ ಪದ್ಧತಿ ಜಾರಿಗೆ ಬಂತು. 2024ರ ಮೇ ತಿಂಗಳಲ್ಲಿ ರಾಜ್ಯ ಸರಕಾರ ಅದನ್ನು ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನಡುವಿನ ಮೂರು ತಂಡಗಳ ವಿದ್ಯಾರ್ಥಿಗಳಿಗೆ ನಾಲ್ಕನೆಯ ವರ್ಷ ಓದುವ ಅವಕಾಶ ಉಳಿಸಲಾಯಿತು.

ಸಂಶೋಧನೆಗೆ ಹೋಗಬಯಸುವವರಿಗೆ ಇದರ ಅರ್ಥವಿಷ್ಟು. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2022ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಪಡೆದವರು ಎಂ.ಎಸ್ಸಿ. ಇಲ್ಲದೆಯೇ ನೇರವಾಗಿ ಪಿಎಚ್.ಡಿ.ಗೆ ಅರ್ಹರು. ಮೂರು ವರ್ಷದ ಪದವೀಧರರು ಎಂ.ಎಸ್ಸಿ. ಮುಗಿಸಿ ಅದರಲ್ಲಿ ಶೇ 55 ಅಂಕ ಪಡೆದಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 5ರಷ್ಟು ವಿನಾಯಿತಿ ಇದೆ. ಹಿಂದೆ ಎಂ.ಎಸ್ಸಿ. ಮತ್ತು ಪಿಎಚ್.ಡಿ. ನಡುವಿನ ಮೆಟ್ಟಿಲಾಗಿದ್ದ ಎಂ.ಫಿಲ್. ಪದವಿಯನ್ನು ಇದೇ ನಿಯಮಗಳು ರದ್ದುಪಡಿಸಿವೆ. ಎಂ.ಫಿಲ್. ಹೆಸರಿನಲ್ಲಿ ಯಾರಾದರೂ ಪ್ರವೇಶ ನೀಡುವುದಾಗಿ ಹೇಳಿದರೆ ಹಣ ಕಟ್ಟುವ ಮುನ್ನ ಇದನ್ನು ನೆನಪಿಡಬೇಕು.

ಮೂರು ದಿಕ್ಕಿನ ದಾರಿ

ಎಂ.ಎಸ್ಸಿ.ಗೆಂದು ಐದು ತಾಲೂಕುಗಳ ವಿದ್ಯಾರ್ಥಿಗಳು ಮುಖ್ಯವಾಗಿ ನೋಡುವುದು ಧಾರವಾಡ, ಬೆಳಗಾವಿ ಮತ್ತು ಕೊಲ್ಹಾಪುರದ ಕಡೆಗೆ. 1949ರಲ್ಲಿ ಸ್ಥಾಪನೆಯಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಜೀವರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನ ಮತ್ತು ಸೂಕ್ಷ್ಮಜೀವಿಶಾಸ್ತ್ರದ ವಿಭಾಗಗಳಿವೆ. ಇಲ್ಲಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ, ಮುಂದೆ ಕುಲಪತಿಯೂ ಆದ ಪ್ರೊ. ಎಸ್.ಕೆ. ಸೈದಾಪುರ ಅವರ ತಂಡ ಕಪ್ಪೆಗಳ ಸಂತಾನೋತ್ಪತ್ತಿಯ ಬಗ್ಗೆ, ಗೊದಮೊಟ್ಟೆಗಳು ಒಡಹುಟ್ಟಿದವುಗಳನ್ನು ಗುರುತಿಸಬಲ್ಲವೇ ಎಂಬ ಪ್ರಶ್ನೆಯ ಬಗ್ಗೆ ದೀರ್ಘಕಾಲ ಕೆಲಸ ಮಾಡಿತು. ಮಳೆಗಾಲದ ಹೊಂಡದ ಮೊಟ್ಟೆಗಳು, ಗಾಜಿನ ತೊಟ್ಟಿಗಳು, ಎಚ್ಚರದ ಎಣಿಕೆ: ಇಂತಹ ಪ್ರಶ್ನೆಗೆ ಉತ್ತರ ಹುಡುಕಲು ಕೋಟಿ ರೂಪಾಯಿಯ ಯಂತ್ರಗಳು ಬೇಕಿಲ್ಲ. ಸಣ್ಣ ಊರಿನ ಕಾಲೇಜುಗಳೂ ಗಮನಿಸಬೇಕಾದ ಮಾದರಿ ಇದು.

ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ, ಸುಮಾರು 40 ಕಿ.ಮೀ. ಅಲ್ಲಿನ ಶಿವಾಜಿ ವಿಶ್ವವಿದ್ಯಾಲಯ 1962ರಲ್ಲಿ ಸ್ಥಾಪನೆಯಾಯಿತು. ಪಶ್ಚಿಮ ಘಟ್ಟದ ಸಸ್ಯಗಳ ಅಧ್ಯಯನಕ್ಕೆ ಅದರ ಸಸ್ಯಶಾಸ್ತ್ರ ವಿಭಾಗ ಹೆಸರಾಗಿದೆ. ನಿಪ್ಪಾಣಿಗೆ ಅಂಟಿಕೊಂಡಂತಿದ್ದರೂ ಕೊಲ್ಹಾಪುರ ಜಿಲ್ಲೆಗೆ ಸೇರಿದ ಅರ್ಜುನನಗರದ ದೇವಚಂದ ಕಾಲೇಜು ಇದೇ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿದೆ. ಹೀಗಾಗಿ ಒಂದೇ ಓಣಿಯ ಇಬ್ಬರು ಎರಡು ರಾಜ್ಯಗಳ ವಿಶ್ವವಿದ್ಯಾಲಯಗಳ ಪದವೀಧರರಾಗಿರುವುದು ನಿಪ್ಪಾಣಿಯಲ್ಲಿ ಹೊಸದೇನಲ್ಲ. ರಾಯಬಾಗ, ಕುಡಚಿ, ಉಗಾರ ಖುರ್ದ ಭಾಗದವರಿಗೆ ಮಿರಜ-ಲೋಂಡಾ ರೈಲು ಮಾರ್ಗ ಬೆಳಗಾವಿಯ ಕಡೆಗೂ ಮಿರಜದ ಕಡೆಗೂ ದಾರಿ ತೆರೆದಿದೆ. ಹೆಚ್ಚು ತೊಂದರೆ ಅಥಣಿಯವರಿಗೆ. ಜಿಲ್ಲಾ ಕೇಂದ್ರ ಬೆಳಗಾವಿಯೇ ನೂರು ಕಿ.ಮೀ.ಗೂ ಹೆಚ್ಚು ದೂರವಿರುವುದರಿಂದ ನಿತ್ಯ ಓಡಾಟ ಅಸಾಧ್ಯ. ಹಾಸ್ಟೆಲ್ ಸಿಕ್ಕರೆ ಮಾತ್ರ ಓದು.

ರಾಷ್ಟ್ರಮಟ್ಟದ ಬಾಗಿಲುಗಳು ಬೇರೆ ಇವೆ. ಐಐಟಿಗಳ ಎಂ.ಎಸ್ಸಿ.ಗೆ ಜ್ಯಾಮ್ ಪರೀಕ್ಷೆಯ ಜೈವಿಕ ತಂತ್ರಜ್ಞಾನ ಪತ್ರಿಕೆ, ಹಲವು ವಿಶ್ವವಿದ್ಯಾಲಯಗಳ ಜೈವಿಕ ತಂತ್ರಜ್ಞಾನ ಎಂ.ಎಸ್ಸಿ.ಗೆ ಗ್ಯಾಟ್-ಬಿ, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ-ಪಿಜಿ ನಡೆಯುತ್ತವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರಕ್ಕೆ ಪ್ರತ್ಯೇಕ ಪ್ರವೇಶ ಪರೀಕ್ಷೆ ಇದೆ. ಕೃಷಿ ವಿಶ್ವವಿದ್ಯಾಲಯಗಳ ಹಾದಿ ಇವೆಲ್ಲಕ್ಕಿಂತ ಭಿನ್ನ. ಅಲ್ಲಿನ ಎಂ.ಎಸ್ಸಿ. ಪದವಿಗೆ ಸಾಮಾನ್ಯವಾಗಿ ಕೃಷಿ ಅಥವಾ ಸಂಬಂಧಿತ ವಿಷಯದ ಪದವಿಯೇ ಬೇಕು. ಪಿಯುಸಿ ಮುಗಿದಾಗಲೇ ಈ ಕವಲನ್ನು ಅರಿತಿರಬೇಕು, ಬಿ.ಎಸ್ಸಿ. ಮುಗಿದ ಮೇಲೆ ಹಿಂತಿರುಗುವುದು ಕಷ್ಟ.

ನೆಟ್ ಎಂಬ ಹೆಬ್ಬಾಗಿಲು

ಪಿಎಚ್.ಡಿ. ಪ್ರವೇಶಕ್ಕೂ ಫೆಲೋಶಿಪ್‌ಗೂ ಜೀವವಿಜ್ಞಾನದಲ್ಲಿ ಮುಖ್ಯವಾದುದು ಸಿಎಸ್‌ಐಆರ್-ಯುಜಿಸಿ ನೆಟ್. ವರ್ಷಕ್ಕೆ ಎರಡು ಆವೃತ್ತಿಗಳಿರುವ ಈ ಪರೀಕ್ಷೆಯ ಜೀವವಿಜ್ಞಾನ ಪತ್ರಿಕೆ 200 ಅಂಕಗಳದ್ದು. ಅವಧಿ ಮೂರು ಗಂಟೆ. ಸಾಮಾನ್ಯ ತಾರ್ಕಿಕ ಸಾಮರ್ಥ್ಯದ 'ಎ' ಭಾಗದಲ್ಲಿ 20 ಪ್ರಶ್ನೆಗಳ ಪೈಕಿ 15ಕ್ಕೆ, ವಿಷಯಜ್ಞಾನದ 'ಬಿ' ಭಾಗದಲ್ಲಿ 50ರ ಪೈಕಿ 35ಕ್ಕೆ, ವಿಶ್ಲೇಷಣೆಯ 'ಸಿ' ಭಾಗದಲ್ಲಿ 75ರ ಪೈಕಿ 25ಕ್ಕೆ ಉತ್ತರಿಸಬೇಕು. ಮೊದಲೆರಡು ಭಾಗಗಳಲ್ಲಿ ಪ್ರತಿ ಪ್ರಶ್ನೆಗೆ 2 ಅಂಕ, ಮೂರನೆಯದರಲ್ಲಿ 4 ಅಂಕ. ತಪ್ಪು ಉತ್ತರಕ್ಕೆ ಶೇ 25ರಷ್ಟು ಅಂಕ ಕಡಿತ.

ಅರ್ಧದಷ್ಟು ಅಂಕಗಳಿರುವ 'ಸಿ' ಭಾಗವೇ ಗ್ರಾಮೀಣ ವಿದ್ಯಾರ್ಥಿಗಳಿಗೆ ಕಠಿಣವೆನಿಸುವುದು. ಒಂದು ಪ್ರಯೋಗದ ವಿವರ, ಅದರ ನಕ್ಷೆ ಅಥವಾ ಕೋಷ್ಟಕ ಕೊಟ್ಟು ಅದರಿಂದ ಯಾವ ತೀರ್ಮಾನ ಸಾಧ್ಯ ಎಂದು ಕೇಳಲಾಗುತ್ತದೆ. ಟಿಪ್ಪಣಿ ಬಾಯಿಪಾಠ ಮಾಡಿದವರಿಗೆ ಇದು ದಕ್ಕುವುದಿಲ್ಲ. ಪಠ್ಯಕ್ರಮದಲ್ಲಿ 13 ಘಟಕಗಳಿವೆ. ಅಣುಗಳ ರಚನೆಯಿಂದ ಪರಿಸರಶಾಸ್ತ್ರ, ವಿಕಾಸ, ಪ್ರಯೋಗ ವಿಧಾನಗಳವರೆಗೆ ಅದರ ಹರವು. ಸಸ್ಯಶಾಸ್ತ್ರದವರು ಪ್ರಾಣಿಶಾಸ್ತ್ರವನ್ನೂ, ಪ್ರಾಣಿಶಾಸ್ತ್ರದವರು ಸಸ್ಯಶಾಸ್ತ್ರವನ್ನೂ ಓದಲೇಬೇಕು.

ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡ ಅಥವಾ ಮರಾಠಿ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬಂದ ಈ ಭಾಗದ ಮಕ್ಕಳಿಗೆ ಅಡ್ಡಿಯಾಗುವುದು ವಿಷಯಕ್ಕಿಂತ ಮೊದಲು ವಾಕ್ಯ. ದ್ಯುತಿಸಂಶ್ಲೇಷಣೆ ಎಂದರೇನೆಂದು ಸ್ಪಷ್ಟವಾಗಿ ಬಲ್ಲವರೂ ನಾಲ್ಕು ಸಾಲಿನ ಇಂಗ್ಲಿಷ್ ಪ್ರಶ್ನೆಯ ಕೊನೆಗೆ ಬರುವ 'ಹೊರತುಪಡಿಸಿ' ಎಂಬ ಒಂದು ಪದವನ್ನು ಗಮನಿಸದೆ ಅಂಕ ಕಳೆದುಕೊಳ್ಳುತ್ತಾರೆ. ಪದವಿಯ ಮೊದಲ ವರ್ಷದಿಂದಲೇ ಹಳೆಯ ಪ್ರಶ್ನೆಪತ್ರಿಕೆಗಳನ್ನು ಓದಿ ಕನ್ನಡದಲ್ಲಿ ಅರ್ಥ ಹೇಳಿಕೊಳ್ಳುವ ಅಭ್ಯಾಸ ಇದಕ್ಕೆ ಸರಳ ಪರಿಹಾರ.

2024ರ ಜೂನ್ ಆವೃತ್ತಿಯಿಂದ ನೆಟ್ ಫಲಿತಾಂಶವನ್ನು ಮೂರು ವರ್ಗಗಳಲ್ಲಿ ನೀಡಲಾಗುತ್ತಿದೆ. ಮೊದಲನೆಯದು ಫೆಲೋಶಿಪ್ ಸಹಿತ ಅರ್ಹತೆ. ಎರಡನೆಯದು ಸಹಾಯಕ ಪ್ರಾಧ್ಯಾಪಕ ಹುದ್ದೆ ಮತ್ತು ಪಿಎಚ್.ಡಿ. ಪ್ರವೇಶಕ್ಕೆ ಅರ್ಹತೆ, ಮೂರನೆಯದು ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ. ಕೊನೆಯ ಎರಡು ವರ್ಗದವರ ಪಿಎಚ್.ಡಿ. ಪ್ರವೇಶದಲ್ಲಿ ಪರೀಕ್ಷೆಯ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. ಈ ಅಂಕದ ಮಾನ್ಯತೆ ಒಂದು ವರ್ಷ ಮಾತ್ರ.

ಗಡಿ ದಾಟದ ಅರ್ಹತೆ

ರಾಜ್ಯಮಟ್ಟದ ಅರ್ಹತಾ ಪರೀಕ್ಷೆಗಳ ವಿಷಯದಲ್ಲಿ ಗಡಿ ಭಾಗದವರು ವಿಶೇಷ ಎಚ್ಚರ ವಹಿಸಬೇಕು. ಯಾವುದೇ ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಪದವಿ ದೇಶದಾದ್ಯಂತ ಸಿಂಧು, ಕೊಲ್ಹಾಪುರದ ಎಂ.ಎಸ್ಸಿ.ಗೆ ಧಾರವಾಡದಲ್ಲಿ ಬೆಲೆ ಕಡಿಮೆಯಿಲ್ಲ. ಆದರೆ 2002ರ ಜೂನ್ ನಂತರ ಪಾಸಾದ ಸೆಟ್ ಪರೀಕ್ಷೆಯ ಅರ್ಹತೆ ಆಯಾ ರಾಜ್ಯದ ಸಂಸ್ಥೆಗಳ ನೇಮಕಾತಿಗೆ ಮಾತ್ರ ಅನ್ವಯಿಸುತ್ತದೆ. ಮಹಾರಾಷ್ಟ್ರದ ಸೆಟ್ ಪಾಸಾದವರು ಅದರ ಬಲದಿಂದ ಕರ್ನಾಟಕದ ಕಾಲೇಜುಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹರಾಗುವುದಿಲ್ಲ. ಕೆ-ಸೆಟ್ ಪಾಸಾದವರದೂ ಆಚೆ ಕಡೆ ಇದೇ ಸ್ಥಿತಿ. ಎರಡೂ ಕಡೆ ಸಲ್ಲುವುದು ನೆಟ್ ಒಂದೇ. ಸೆಟ್ ಪರೀಕ್ಷೆಗಳಿಂದ ಫೆಲೋಶಿಪ್ ದೊರೆಯುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಮೀಸಲಾತಿಯ ಸಂಗತಿಯೂ ಹೀಗೆಯೇ. ಕರ್ನಾಟಕದ ತಹಸೀಲ್ದಾರರು ನೀಡಿದ ಜಾತಿ ಪ್ರಮಾಣಪತ್ರದಿಂದ ಮಹಾರಾಷ್ಟ್ರದ ರಾಜ್ಯ ಕೋಟಾದ ಸೀಟು, ಶುಲ್ಕ ವಿನಾಯಿತಿ ಸಿಗದು. ಒಂದು ವಿಶ್ವವಿದ್ಯಾಲಯದಿಂದ ಮತ್ತೊಂದಕ್ಕೆ ಹೋಗುವಾಗ ವಲಸೆ ಪ್ರಮಾಣಪತ್ರ, ಅರ್ಹತಾ ಪ್ರಮಾಣಪತ್ರಗಳು ಬೇಕು. ಸಂವಿಧಾನದ 371 (ಜೆ) ವಿಧಿಯಡಿಯ ಸೌಲಭ್ಯ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮೀಸಲಾಗಿದ್ದು, ಬೆಳಗಾವಿ ಜಿಲ್ಲೆ ಅದರಲ್ಲಿಲ್ಲ.

ಐದಾರು ವರ್ಷಗಳ ಲೆಕ್ಕ

ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷಗಳ ಅವಧಿ ಇದೆ. ಮರುನೋಂದಣಿಯಿಂದ ಇನ್ನೆರಡು ವರ್ಷ ಸಿಗಬಹುದು. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಉಳ್ಳವರಿಗೆ ಮತ್ತೂ ಎರಡು ವರ್ಷದ ವಿನಾಯಿತಿ ಉಂಟು. ಹೆರಿಗೆ ಮತ್ತು ಶಿಶುಪಾಲನೆಗೆ ಒಟ್ಟು 240 ದಿನಗಳ ರಜೆಗೂ ಅವಕಾಶವಿದೆ. ಮದುವೆಯಾದರೆ ಓದು ನಿಂತಂತೆ ಎಂದು ನಂಬಿರುವ ಕುಟುಂಬಗಳು ಈ ನಿಯಮ ತಿಳಿದಿರಬೇಕು. ಕಾಲೇಜುಗಳಲ್ಲಿ ಈಗಾಗಲೇ ಪಾಠ ಮಾಡುತ್ತಿರುವವರು ಸಂಸ್ಥೆಯ ನಿರಾಕ್ಷೇಪಣಾ ಪತ್ರ ಪಡೆದು ಅರೆಕಾಲಿಕವಾಗಿಯೂ ಪಿಎಚ್.ಡಿ. ಮಾಡಬಹುದು.

ಮೊದಲಿಗೆ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್. ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ, ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಮುಂತಾದವು ಇದರ ಭಾಗ. ಇದರಲ್ಲಿ ಶೇ 55 ಅಂಕ ಬೇಕು. ನಂತರ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರತಿ ಸೆಮಿಸ್ಟರ್ ಪ್ರಗತಿ ವರದಿ. ಕೊನೆಗೆ ಪ್ರಬಂಧವನ್ನು ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಓದಿ ಒಪ್ಪಬೇಕು. ಆಮೇಲೆ ಮೌಖಿಕ ಪರೀಕ್ಷೆ.

ಇವೆಲ್ಲಕ್ಕಿಂತ ದೊಡ್ಡ ತೀರ್ಮಾನ ಮಾರ್ಗದರ್ಶಕರ ಆಯ್ಕೆ. ಏಕಕಾಲಕ್ಕೆ ಒಬ್ಬ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳನ್ನು ಮಾತ್ರ ಹೊಂದಿರಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಅವಧಿ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಪ್ರಯೋಗಾಲಯದಲ್ಲಿ ಚಾಲ್ತಿಯಲ್ಲಿರುವ ಯೋಜನೆಗೆ ಹಣ ಇದೆಯೇ, ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ಸೇರುವ ಮುನ್ನ ಕೇಳಿ ತಿಳಿಯುವುದು ಒಳಿತು. ಮುಗಿದ ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಒಬ್ಬ ಮಾರ್ಗದರ್ಶಕರ ಕೈಕೆಳಗೆ ಬಂದ ಎರಡು ಮೂರು ಪ್ರಬಂಧಗಳನ್ನು ಓದಿದರೆ ಯಾರ ಮಾತೂ ಹೇಳದಷ್ಟು ತಿಳಿಯುತ್ತದೆ.

ಪ್ರಯೋಗಾಲಯ ಕಲಿಸುವುದು

ಬಿ.ಎಸ್ಸಿ. ಪ್ರಾಯೋಗಿಕ ತರಗತಿಯಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ಸಂಶೋಧನೆಯಲ್ಲಿ ಗೊತ್ತಿರುವುದಿಲ್ಲ. ಹಲವು ಹೊಸಬರು ಎಡವುವುದು ಈ ವ್ಯತ್ಯಾಸದಲ್ಲಿಯೇ. ತಿಂಗಳುಗಟ್ಟಲೆ ಮಾಡಿದ ಪ್ರಯೋಗ ವಿಫಲವಾದಾಗ ತಪ್ಪು ಎಲ್ಲಿ ಎಂದು ಹುಡುಕಲು ನೆರವಾಗುವುದು ದಿನಚರಿಯಂತೆ ಬರೆದಿಟ್ಟ ಪ್ರಯೋಗದ ನೋಟ್‌ಬುಕ್. ದಿನಾಂಕ, ರಾಸಾಯನಿಕದ ಬ್ಯಾಚ್, ಉಷ್ಣತೆ, ಕೈತಪ್ಪಿದ ಅಳತೆ ಎಲ್ಲವೂ ಅಲ್ಲಿರಬೇಕು. ಹೋಲಿಕೆಗೆ ಚಿಕಿತ್ಸೆ ನೀಡದ ಗುಂಪು, ಒಂದೇ ಪ್ರಯೋಗದ ಹಲವು ಪುನರಾವರ್ತನೆ, ಮಾದರಿಗಳ ಆಯ್ಕೆಯಲ್ಲಿ ಚೀಟಿ ಎತ್ತುವಂತಹ ನಿಷ್ಪಕ್ಷಪಾತ ಇವಿಲ್ಲದೆ ಬಂದ ಅಂಕಿಗಳಿಗೆ ಬೆಲೆಯಿಲ್ಲ.

ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಸಂಸ್ಥೆಯ ನೀತಿ ಸಮಿತಿಯ ಅನುಮತಿ ಕಡ್ಡಾಯ. ಪದವಿ ಮತ್ತು ಸ್ನಾತಕೋತ್ತರ ಪ್ರಾಣಿಶಾಸ್ತ್ರ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ಯುಜಿಸಿ 2014ರಲ್ಲಿ ನಿಲ್ಲಿಸಿತು. ಕಪ್ಪೆ ಕೊಯ್ದು ಕಲಿತ ಹಿಂದಿನ ತಲೆಮಾರಿನ ಬದಲಿಗೆ ಮಾದರಿಗಳು, ಕಂಪ್ಯೂಟರ್ ಚಿತ್ರಗಳಿಂದ ಕಲಿತವರು ಈಗ ಸಂಶೋಧನೆಗೆ ಬರುತ್ತಿದ್ದಾರೆ. ಹೀಗಾಗಿ ಕೈಯಿಂದ ಮಾಡಿ ಕಲಿಯುವ ಅವಕಾಶವನ್ನು ವಿದ್ಯಾರ್ಥಿಗಳೇ ಹುಡುಕಿಕೊಳ್ಳಬೇಕಾಗಿದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ನಡೆಸುತ್ತ ಬಂದಿರುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದಕ್ಕೊಂದು ದಾರಿ. ಆಯ್ಕೆಯಾದವರು ಸುಮಾರು ಎರಡು ತಿಂಗಳು ಹಿರಿಯ ವಿಜ್ಞಾನಿಯೊಬ್ಬರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾರೆ.

ಪ್ರಕಟಣೆಯ ಬಲೆ

2022ರ ನಿಯಮಗಳು ಪ್ರಬಂಧ ಸಲ್ಲಿಕೆಗೆ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ಷರತ್ತನ್ನು ತೆಗೆದುಹಾಕಿವೆ. ಆದರೂ ನೇಮಕಾತಿ, ಬಡ್ತಿಗಳಲ್ಲಿ ಪ್ರಕಟಣೆಗೆ ಬೆಲೆ ಇರುವುದರಿಂದ, ಹಣ ಕಟ್ಟಿದರೆ ವಾರದಲ್ಲಿ ಲೇಖನ ಅಚ್ಚು ಹಾಕುವ ನಿಯತಕಾಲಿಕೆಗಳ ಹಾವಳಿ ನಿಂತಿಲ್ಲ. ಉತ್ತಮ ನಿಯತಕಾಲಿಕೆಗಳ ಪಟ್ಟಿಯಾಗಿ ಯುಜಿಸಿ ನಡೆಸುತ್ತಿದ್ದ 'ಕೇರ್' ಪಟ್ಟಿ 2025ರ ಫೆಬ್ರವರಿಯಲ್ಲಿ ಸ್ಥಗಿತಗೊಂಡಿತು; ಗುಣಮಟ್ಟ ಅಳೆಯುವ ಹೊಣೆ ಈಗ ವಿಶ್ವವಿದ್ಯಾಲಯಗಳದ್ದು. ಕೇರ್ ಪಟ್ಟಿಯಲ್ಲಿದ್ದೇವೆ ಎಂದು ಹೇಳಿ ಹಣ ಕೇಳುವವರನ್ನು ನಂಬುವಂತಿಲ್ಲ.

ಕೃತಿಚೌರ್ಯದ ನಿಯಮಗಳೂ ಕಠಿಣವಾಗಿವೆ. 2018ರ ನಿಯಮಗಳಂತೆ ಪ್ರಬಂಧದಲ್ಲಿ ಬೇರೆಯವರ ಬರಹದೊಂದಿಗಿನ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇ 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. ಶೇ 60 ಮೀರಿದರೆ ನೋಂದಣಿಯೇ ರದ್ದು.

ಹಣದ ಮಾತು

ಜೂನಿಯರ್ ರಿಸರ್ಚ್ ಫೆಲೋಶಿಪ್ ಪಡೆದವರಿಗೆ 2023ರ ಜನವರಿಯಿಂದ ಅನ್ವಯವಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ., ಮೌಲ್ಯಮಾಪನದ ನಂತರ ಸೀನಿಯರ್ ಫೆಲೋ ಆದಾಗ 42,000 ರೂ. ಮತ್ತು ಮನೆ ಬಾಡಿಗೆ ಭತ್ಯೆ ನಿಗದಿಯಾಗಿದೆ. ಒಟ್ಟು ಅವಧಿ ಐದು ವರ್ಷ. ಎಂ.ಎಸ್ಸಿ.ಯಲ್ಲಿ ವಿಶ್ವವಿದ್ಯಾಲಯಕ್ಕೆ ಪ್ರಥಮ ಸ್ಥಾನ ಪಡೆದವರಿಗೆ ಇನ್‌ಸ್ಪೈರ್ ಫೆಲೋಶಿಪ್, ಪರಿಶಿಷ್ಟ ಜಾತಿ ಹಾಗೂ ಹಿಂದುಳಿದ ವರ್ಗಗಳವರಿಗೆ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಅಲ್ಪಸಂಖ್ಯಾತ ಸಮುದಾಯಗಳಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಅನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿದೆ.

ಫೆಲೋಶಿಪ್ ಇಲ್ಲದೆ ಸೇರಿದವರ ಸ್ಥಿತಿ ಬೇರೆ. ಶುಲ್ಕ, ಹಾಸ್ಟೆಲ್, ರಾಸಾಯನಿಕಗಳ ಖರ್ಚು ಎಲ್ಲವೂ ಕುಟುಂಬದ ಮೇಲೆ. ಒಂದೆರಡು ಎಕರೆ ಕಬ್ಬಿನ ಬಿಲ್ಲನ್ನೇ ನಂಬಿದ ಮನೆಯಲ್ಲಿ, ಕಾರ್ಖಾನೆ ಬಿಲ್ ತಡಮಾಡಿದರೆ ಸಂಶೋಧನೆಯೂ ತಡವಾಗುತ್ತದೆ. ಇಪ್ಪತ್ತೆಂಟು, ಮೂವತ್ತರ ವಯಸ್ಸಿಗೆ ಮನೆಗೆ ಆಧಾರವಾಗಬೇಕಾದ ಮಗ ಅಥವಾ ಮಗಳು ಇನ್ನೂ ಓದುತ್ತಿರುವುದನ್ನು ಸಂಬಂಧಿಕರಿಗೆ ವಿವರಿಸುವುದು ಬೇರೆ ಕಷ್ಟ. ಆಮೇಲಿನ ಉದ್ಯೋಗವೂ ಖಚಿತವಲ್ಲ. ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ 2021ರಲ್ಲಿ ಎಲ್ಲ ವಿಷಯಗಳೂ ಸೇರಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅರ್ಜಿ ಕರೆಯಲಾಗಿತ್ತು. ಇಂತಹ ನೇಮಕಾತಿ ವರ್ಷವರ್ಷವೂ ನಡೆಯುವುದಿಲ್ಲ. ನಡುವಿನ ವರ್ಷಗಳಲ್ಲಿ ಅತಿಥಿ ಉಪನ್ಯಾಸಕರಾಗಿ ದುಡಿಯುವವರೇ ಹೆಚ್ಚು. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಸೆಟ್ ಸಾಕು, ಪಿಎಚ್.ಡಿ. ಕಡ್ಡಾಯವಲ್ಲ ಎಂದು ಯುಜಿಸಿ 2023ರ ಜುಲೈನಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಕೇವಲ ನೌಕರಿಗಾಗಿ ಪಿಎಚ್.ಡಿ.ಗೆ ಇಳಿಯುವವರು ಎರಡು ಬಾರಿ ಯೋಚಿಸಬೇಕು.

ಊರಿನಲ್ಲಿಯೇ ಇರುವ ವಿಷಯಗಳು

ವಿಷಯ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕೃಷ್ಣಾ ತೀರದಲ್ಲಿ ಅತಿಯಾದ ನೀರಾವರಿಯಿಂದ ಸವುಳು-ಜವುಳಾದ ಭೂಮಿ ಈ ತಾಲೂಕುಗಳ ಹಳೆಯ ಗಾಯ. ಉಗಾರ ಬುದ್ರುಕದಲ್ಲಿ ನೆಲದೊಳಗೆ ಕೊಳವೆ ಹೂಳಿ ಉಪ್ಪುನೀರನ್ನು ಬಸಿದು ಹೊರಹಾಕುವ ಕಾಮಗಾರಿ ನಡೆದಿದೆ. ಅಂತಹ ಮಣ್ಣಿನಲ್ಲಿ ಯಾವ ಸೂಕ್ಷ್ಮಜೀವಿಗಳು ಬದುಕುತ್ತವೆ, ಉಪ್ಪು ತಾಳುವ ಬೆಳೆ ಯಾವುದು ಎಂಬುದು ಶುದ್ಧ ಜೀವವಿಜ್ಞಾನದ ಪ್ರಶ್ನೆ. ನಿಪ್ಪಾಣಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಬೀಡಿ ತಂಬಾಕು ಮತ್ತು ಸೋಯಾ ಅವರೆಯ ಮೇಲೆ ಕೆಲಸ ಮಾಡುತ್ತ ಬಂದಿದೆ. ಅಥಣಿ ಭಾಗದ ದ್ರಾಕ್ಷಿಗೆ ಬರುವ ಡೌನಿ ಮತ್ತು ಬೂದಿ ರೋಗಗಳು ಶಿಲೀಂಧ್ರಶಾಸ್ತ್ರದ ವಿಷಯ. ಅಥಣಿ, ನಿಪ್ಪಾಣಿಗಳಲ್ಲಿಯೂ ತಯಾರಾಗುವ ಕೊಲ್ಹಾಪುರಿ ಚಪ್ಪಲಿಯ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಗಳಿಂದ ಹದಮಾಡುವ ಕ್ರಮ ಸಸ್ಯ ರಸಾಯನದ ಪಾಠವೇ ಆಗಿದೆ. 2019ರ ಆಗಸ್ಟ್ ಪ್ರವಾಹದಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರು ಹೊಕ್ಕ ಹೊಲ, ಬಾವಿ, ಊರುಗಳೂ ಅಧ್ಯಯನದ ಕ್ಷೇತ್ರಗಳು.

ಇಂತಹ ಕೆಲಸಕ್ಕೆ ಜಿಲ್ಲೆಯೊಳಗೂ ನೆಲೆಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2006ರಲ್ಲಿ ಬೆಳಗಾವಿಯಲ್ಲಿ ಆರಂಭಿಸಿದ ಪ್ರಾದೇಶಿಕ ಕೇಂದ್ರ ಈಗ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯ ಸಂಸ್ಥೆಯಾಗಿ ಔಷಧೀಯ ಸಸ್ಯಗಳ ಸಂಶೋಧನೆ ನಡೆಸುತ್ತಿದೆ. ಅದೇ 2006ರಲ್ಲಿ ಕೆಎಲ್‌ಇ ಉನ್ನತ ಶಿಕ್ಷಣ ಸಂಸ್ಥೆ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ಪಡೆಯಿತು.

ಪದವಿಯ ಕೊನೆಯ ವರ್ಷದಲ್ಲಿರುವವರು ಈಗಲೇ ಮಾಡಬಹುದಾದ ಕೆಲಸಗಳು ನಾಲ್ಕು. ನೆಟ್‌ನ ಹಿಂದಿನ ಐದು ಪ್ರಶ್ನೆಪತ್ರಿಕೆಗಳನ್ನು ಓದುವುದು, ಎಂ.ಎಸ್ಸಿ. ಪ್ರವೇಶ ಪರೀಕ್ಷೆಗಳ ಅರ್ಜಿಯ ದಿನಾಂಕ ಗುರುತಿಸಿಕೊಳ್ಳುವುದು, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಅವಧಿ ನೋಡಿಕೊಳ್ಳುವುದು, ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕುವುದು. ಇವುಗಳಿಗೆ ತಗಲುವ ಖರ್ಚು ಕಡಿಮೆ. ತಡವಾದರೆ ಕಳೆದುಹೋಗುವುದು ಒಂದು ಪೂರ್ಣ ವರ್ಷ.